ವಿಂಡೋಸ್‌ನಿಂದ ಮ್ಯಾಕ್‌ಗೆ: ಹಳೇ ಲ್ಯಾಪ್‌ಟಾಪ್ ಕೈಬಿಡುವ ಮೊದಲು

ಹೊಸ ಮ್ಯಾಕ್ ತೆಗೆದುಕೊಂಡ ಮೂರನೇ ದಿನ ನನ್ನ ಅಕ್ಕನ ಮಗಳು ಕೊಪ್ಪಳದಿಂದ ಫೋನ್ ಮಾಡಿದಳು. "ಮಾಮಾ, ನನ್ನ ಪ್ರಬಂಧದ ಅಕ್ಷರ ಎಲ್ಲಾ ಹಾಳಾಗ್ಯಾವ ನೋಡ್ರಿ. ಫೈಲ್ ತೆಗದ್ರ ಬರೇ ಪಿ, ಕ್ಯೂ, ಪೌಂಡ್ ಗುರ್ತು ಕಾಣಾಕತ್ತಾವ" ಎಂದಳು. ಎಂಎ ಕನ್ನಡದ ಪ್ರಬಂಧ. ತೊಂಬತ್ತು ಪುಟ. ಒಪ್ಪಿಸಲು ಹನ್ನೆರಡು ದಿನ ಉಳಿದಿತ್ತು. ಅಷ್ಟರಲ್ಲಿ ಹಳೇ ಲ್ಯಾಪ್‌ಟಾಪ್ ಎಕ್ಸ್‌ಚೇಂಜ್‌ನಲ್ಲಿ ಅಂಗಡಿಗೆ ಹೋಗಿಬಿಟ್ಟಿತ್ತು.

ಫೈಲ್ ಹಾಳಾಗಿರಲಿಲ್ಲ. ನಮ್ಮ ಲ್ಯಾಬಿನ ವಿಂಡೋಸ್ ಮಷೀನ್‌ನಲ್ಲಿ ಕೂತು ಎರಡು ದಿನ ಕೆಲಸ ಮಾಡಿ ಸರಿಪಡಿಸಿದೆವು. ಬಳ್ಳಾರಿಯಲ್ಲಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳುವ ನನಗೆ ಇಂಥ ಫೋನ್ ಪ್ರತಿ ವರ್ಷ ಬರುತ್ತವೆ. ಎಲ್ಲರೂ ಎಡವುವುದು ಹೆಚ್ಚು ಕಡಿಮೆ ಒಂದೇ ಕಡೆ. ಅದಕ್ಕೇ ಇಲ್ಲಿ ಆ ಜಾಗವನ್ನು ಬಿಡಿಸಿ ಹೇಳುತ್ತೇನೆ. ಉಳಿದದ್ದು ಸುಲಭ, ಬೇಗ ಮುಗಿಯುತ್ತದೆ.

ಕೊಳ್ಳುವ ಮೊದಲು: ನಿಮ್ಮ ಕೋರ್ಸ್ ಏನು?

ಬಿಸಿಎ, ಕಂಪ್ಯೂಟರ್ ಸೈನ್ಸ್, ಬಿಎ, ಎಂಎ ಹುಡುಗರು ಧೈರ್ಯವಾಗಿ ಮ್ಯಾಕ್ ತಗೊಳ್ಳಬಹುದು. ಪೈಥಾನ್, ಜಾವಾ, ವಿಎಸ್ ಕೋಡ್, ವರ್ಡ್, ಎಕ್ಸೆಲ್ ಎಲ್ಲವೂ ಅದರಲ್ಲಿ ನಡೆಯುತ್ತವೆ. ಬಿಕಾಂನವರು ನಿಲ್ಲಿ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ಸಾಫ್ಟ್‌ವೇರ್, ಅದರ ಮ್ಯಾಕ್ ಆವೃತ್ತಿ ಇಲ್ಲ. ಮೆಕ್ಯಾನಿಕಲ್‌ನವರ ಸಾಲಿಡ್‌ವರ್ಕ್ಸ್, ಸಿವಿಲ್‌ನವರ ರೆವಿಟ್ ಮತ್ತು ಸ್ಟಾಡ್ ಪ್ರೋ ಕೂಡ ಅಷ್ಟೇ. ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದೆ, ಆದರೆ ವಿಂಡೋಸ್‌ನದರಲ್ಲಿ ಇರುವುದೆಲ್ಲ ಅದರಲ್ಲಿಲ್ಲ.

"ಮ್ಯಾಕ್‌ನೊಳಗೇ ವಿಂಡೋಸ್ ಹಾಕಿಕೊಡ್ತೀವಿ" ಎಂದು ಹೇಳುವವರಿದ್ದಾರೆ. ಅದು ಇಂಟೆಲ್ ಚಿಪ್ಪಿನ ಕಾಲದ ಮಾತು. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಿತು. ಆ ಸಾಲಿನ ಮ್ಯಾಕ್‌ಗಳಲ್ಲಿ ವಿಂಡೋಸ್ ಹಾಕಿಕೊಡುತ್ತಿದ್ದ ಬೂಟ್ ಕ್ಯಾಂಪ್ ಸೌಲಭ್ಯ ಇಲ್ಲ. ಬೇರೆ ಸಾಫ್ಟ್‌ವೇರ್ ಹಾಕಿಕೊಂಡು, ಅದರೊಳಗೆ ವಿಂಡೋಸ್‌ನ ಆರ್ಮ್ (ಈ ಥರದ ಚಿಪ್ಪಿಗೆಂದೇ ಮಾಡಿದ) ಆವೃತ್ತಿ ಓಡಿಸಬಹುದು. ನಿಮ್ಮ ಓದಿಗೆ ದಿನಾ ವಿಂಡೋಸ್ ಬೇಕು ಎಂದಾದರೆ ಈ ಸುತ್ತುಬಳಸು ಬೇಡ. ವಿಂಡೋಸ್ ಲ್ಯಾಪ್‌ಟಾಪನ್ನೇ ಇಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಟೆಲ್ ಮ್ಯಾಕ್ ಕಡಿಮೆ ಬೆಲೆಗೆ ಸಿಗುತ್ತದೆ. ತಗೋಬೇಡಿ. ಮ್ಯಾಕ್ ಓಎಸ್ 26ರ ನಂತರದ ಹೊಸ ಆವೃತ್ತಿಗಳು ಇಂಟೆಲ್ ಮ್ಯಾಕ್‌ಗೆ ಬರುವುದಿಲ್ಲ ಎಂದು ಆಪಲ್ 2025ರಲ್ಲೇ ಹೇಳಿದೆ. ಎಂ ಸಾಲಿನ ಹಳೇ ಮ್ಯಾಕ್ ಕೊಳ್ಳುವುದಾದರೆ, ಮಾರುವವರು ನಿಮ್ಮ ಕಣ್ಣೆದುರೇ ತಮ್ಮ ಆಪಲ್ ಖಾತೆಯಿಂದ ಸೈನ್ ಔಟ್ ಆಗಬೇಕು. ಇಲ್ಲದಿದ್ದರೆ ಹಳೇ ಮಾಲೀಕರ ಪಾಸ್‌ವರ್ಡ್ ಕೇಳುವ ಆಕ್ಟಿವೇಷನ್ ಲಾಕ್ ಬಿದ್ದು ನಿಮ್ಮ ಕೈಯಲ್ಲಿ ಬರೀ ಡಬ್ಬಿ ಉಳಿಯುತ್ತದೆ. ರ‍್ಯಾಮ್ 16 ಜಿಬಿಗೆ ಕಡಿಮೆ ಬೇಡವೇ ಬೇಡ. ಆಮೇಲೆ ಹಾಕಿಸುತ್ತೇನೆ ಅಂದರೆ ಮ್ಯಾಕ್‌ಬುಕ್‌ನಲ್ಲಿ ಆಗುವುದಿಲ್ಲ. ಹೊಸದಾದರೆ ವಿದ್ಯಾರ್ಥಿ ದರ ಕೇಳಿ, ಕಾಲೇಜಿನ ಗುರುತಿನ ಚೀಟಿ ಜೊತೆಗಿರಲಿ.

ಕನ್ನಡ ಫೈಲು: ಇಲ್ಲಿ ಆತುರ ಬೇಡ

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಮ್ಯಾಕ್ ಮನೆಗೆ ಬರುವ ಮೊದಲೇ, ಹಳೇ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೇ ಮುಗಿಸಬೇಕು.

ನಮ್ಮ ಕಡೆ ಹುಡುಗರು ಟೈಪಿಂಗ್ ಕಲಿಯುವುದೇ ನುಡಿ ಅಥವಾ ಬರಹ ಎಂಬ ಸಾಫ್ಟ್‌ವೇರ್‌ನಲ್ಲಿ. ಡಿಟಿಪಿ ಅಂಗಡಿಯಲ್ಲೂ ಅದೇ. ಎರಡರಲ್ಲೂ ಟೈಪ್ ಮಾಡುವ ರೀತಿ ಎರಡು ಥರ ಇದೆ. ಒಂದು ಯೂನಿಕೋಡ್, ಇನ್ನೊಂದು ಆಸ್ಕಿ. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ತನ್ನದೇ ಜಾಗ ಇದೆ. ಅಲ್ಲಿ 'ಕ' ಎಂದರೆ ಯಾವ ಕಂಪ್ಯೂಟರ್‌ಗೂ 'ಕ'ನೇ. ಆಸ್ಕಿ ಹಾಗಲ್ಲ. ಫೈಲಿನೊಳಗೆ ಇರುವುದು ಇಂಗ್ಲಿಷ್ ಥರದ ಅಕ್ಷರ, ಗುರುತುಗಳು. ಫಾಂಟ್ ಅವುಗಳಿಗೆ ಕನ್ನಡದ ರೂಪ ತೊಡಿಸಿ ತೋರಿಸುತ್ತದೆ. ಫಾಂಟ್ ಇಲ್ಲದ ಮ್ಯಾಕ್‌ನಲ್ಲಿ ಆ ಉಡುಪು ಕಳಚಿಬೀಳುತ್ತದೆ. 'ಕನ್ನಡ' ಎಂದು ಬರೆದ ಕಡೆ ದೊಡ್ಡ ಪಿ, ತಲೆ ಮೇಲೆ ಗೀರಿರುವ ಎ, ಪೌಂಡ್ ಗುರುತು, ಬಾಲ ಇಳಿಬಿಟ್ಟ ಬಿ ಥರದ್ದೊಂದು, ಸಣ್ಣ ಕ್ಯೂ ಸಾಲಾಗಿ ಕಾಣುತ್ತವೆ. ಅಕ್ಕನ ಮಗಳು ಫೋನಿನಲ್ಲಿ ಹೇಳಿದ್ದು ಇದನ್ನೇ.

ನಿಮ್ಮ ಫೈಲು ಯಾವ ಥರದ್ದು ಎಂದು ತಿಳಿಯಲು ಒಂದು ನಿಮಿಷ ಸಾಕು. ವರ್ಡ್‌ನಲ್ಲಿ ಫೈಲ್ ತೆಗೆಯಿರಿ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಕನ್ನಡ ಕನ್ನಡವಾಗೇ ಕಂಡರೆ ಅದು ಯೂನಿಕೋಡ್, ನೀವು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಪಿ, ಕ್ಯೂ, ಪೌಂಡ್ ಕಂಡರೆ ಆಸ್ಕಿ. ಒಂದೇ ಫೈಲ್ ನೋಡಿ ಸುಮ್ಮನಾಗಬೇಡಿ. ಮೊದಲ ಅಧ್ಯಾಯ ನೀವು ಟೈಪ್ ಮಾಡಿರುತ್ತೀರಿ, ಎರಡನೆಯದನ್ನು ಡಿಟಿಪಿಯವರು ಮಾಡಿರುತ್ತಾರೆ. ಎರಡೂ ಬೇರೆ ಬೇರೆ ಇರಬಹುದು.

ಆಸ್ಕಿ ಇದ್ದರೆ ಹೀಗೆ ಮಾಡಿ. ಮೊದಲು ಆ ಫೈಲಿನ ಒಂದು ಪಿಡಿಎಫ್ ತೆಗೆದಿಡಿ. ಪಿಡಿಎಫ್ ಒಳಗೆ ಫಾಂಟ್ ಕೂಡ ಸೇರಿರುತ್ತದೆ, ಹಾಗಾಗಿ ಮ್ಯಾಕ್‌ನಲ್ಲೂ ಚೆನ್ನಾಗಿ ಕಾಣುತ್ತದೆ. ಮುಂದೆ ಏನೇ ಎಡವಟ್ಟಾದರೂ ಹೋಲಿಸಿ ನೋಡಲು ಇದೇ ಆಧಾರ. ಆಮೇಲೆ ಫೈಲಿನ ಪ್ರತಿ ಮಾಡಿ, ಪ್ರತಿಯ ಮೇಲೆ ಕೆಲಸ ಶುರು ಮಾಡಿ. ನುಡಿ, ಬರಹ ಎರಡರಲ್ಲೂ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಇದೆ. ಇಂಟರ್ನೆಟ್‌ನಲ್ಲಿ ಪುಕ್ಕಟೆ ಪರಿವರ್ತಕಗಳೂ ಸಿಗುತ್ತವೆ.

ಇಡೀ ತೊಂಬತ್ತು ಪುಟವನ್ನು ಒಮ್ಮೆಗೇ ಸುರಿಯಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಪರಿವರ್ತಕದ ಪುಟಕ್ಕೆ ಬರೀ ಅಕ್ಷರ ಹೋಗುತ್ತದೆ. ಕೋಷ್ಟಕ, ಅಡಿಟಿಪ್ಪಣಿ, ದಪ್ಪಕ್ಷರ ಎಲ್ಲ ಅಲ್ಲೇ ಉದುರಿಹೋಗುತ್ತವೆ. ಇನ್ನೊಂದು ತೊಂದರೆಯೂ ಇದೆ. ನಡುವೆ ಇರುವ ಇಂಗ್ಲಿಷ್ ಪದವನ್ನೂ ಅದು ಕನ್ನಡದ ತುಂಡು ಎಂದುಕೊಂಡು ಬದಲಿಸುತ್ತದೆ. ಆಕರ ಗ್ರಂಥಗಳ ಪಟ್ಟಿಯಲ್ಲಿ ಇಂಗ್ಲಿಷ್ ಪುಸ್ತಕದ ಹೆಸರು ಇದ್ದರೆ ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಡ್ಡೆಯಾಗಿ ಹೊರಬರುತ್ತದೆ. ಆದ್ದರಿಂದ ಒಂದೊಂದೇ ಪ್ಯಾರಾ ತೆಗೆದುಕೊಳ್ಳಿ. ಇಂಗ್ಲಿಷ್ ಇರುವ ಸಾಲನ್ನು ಬಿಟ್ಟು ಬದಲಿಸಿ, ಇದ್ದ ಜಾಗಕ್ಕೇ ಪೇಸ್ಟ್ ಮಾಡಿ. ಕೋಷ್ಟಕವನ್ನು ಒಂದೊಂದು ಮನೆಯಾಗಿ ಮಾಡಿ. ಬೇಜಾರಿನ ಕೆಲಸ ನಿಜ. ಆದರೆ ಒಮ್ಮೆ ಮಾಡಿದರೆ ಮತ್ತೆ ಮಾಡಬೇಕಿಲ್ಲ.

ಬದಲಿಸಿದ ಮೇಲೆ ಓದಿ. ಮುಖ್ಯವಾಗಿ ಅರ್ಕಾವತ್ತು ನೋಡಿ. 'ಕರ್ನಾಟಕ' ಎಂದು ಬರೆಯುವಾಗ ನಮ್ಮ ಕಣ್ಣಿಗೆ ಅರ್ಕಾವತ್ತು 'ನಾ' ಆದ ಮೇಲೆ ಕಾಣುತ್ತದೆ. ಆಸ್ಕಿ ಫೈಲಿನಲ್ಲೂ ಅದು ಕಂಡ ಹಾಗೇ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮ, ಮೊದಲು 'ರ್', ಆಮೇಲೆ 'ನಾ'. ಈ ಹಿಂದುಮುಂದಿನಲ್ಲಿ ಪರಿವರ್ತಕಗಳು ಎಡವುತ್ತವೆ. 'ರ‍್ಯಾಂಕ್', 'ರ‍್ಯಾಲಿ' ಥರದ ಪದಗಳನ್ನೂ ಹುಡುಕಿ ನೋಡಿ, ಅಲ್ಲಿ ಯಾವತ್ತೂ ಏನಾದರೂ ಕೆಡುತ್ತದೆ. ಅಕ್ಕನ ಮಗಳ ಪ್ರಬಂಧದಲ್ಲಿ ಇಟಗಿಯ ಮಹಾದೇವ ದೇವಾಲಯದ ಮೇಲೆ ಒಂದು ಅಧ್ಯಾಯ ಇತ್ತು. ಅಲ್ಲಿ 'ಚಕ್ರವರ್ತಿ' ಬಂದ ಕಡೆಯೆಲ್ಲ ಅರ್ಕಾವತ್ತು ಜಾಗ ತಪ್ಪಿ ನಿಂತಿತ್ತು. ಪಕ್ಕದಲ್ಲಿ ಪಿಡಿಎಫ್ ಇಟ್ಟುಕೊಂಡು ಒಂದೊಂದಾಗಿ ತಿದ್ದಿದೆವು.

"ನುಡಿ ಫಾಂಟ್ ಮ್ಯಾಕ್‌ಗೂ ಹಾಕಿಬಿಟ್ರೆ ಆಯ್ತಲ್ರಿ ಸರ್" ಎಂದು ಹುಡುಗರು ಕೇಳುತ್ತಾರೆ. ಹಾಕಬಹುದು, ಅಕ್ಷರ ಕಾಣಿಸುತ್ತದೆ. ಪ್ರಿಂಟ್ ತೆಗೆಯಲು ಅಷ್ಟು ಸಾಕು. ಆದರೆ ಆ ಫೈಲಿನಲ್ಲಿ ಒಂದು ಕನ್ನಡ ಪದ ಹುಡುಕಲು ಆಗದು. ಮ್ಯಾಕ್‌ನ ಕೀಲಿಮಣೆಯಿಂದ ಹೊಸ ಸಾಲು ಸೇರಿಸಿದರೆ ಅದು ಯೂನಿಕೋಡ್ ಆಗಿ, ಒಂದೇ ಫೈಲಿನಲ್ಲಿ ಎರಡು ಥರದ ಕನ್ನಡ ಕಲಸಿಕೊಳ್ಳುತ್ತದೆ. ಬೇಡ.

ಹಾರ್ಡ್‌ಡಿಸ್ಕ್‌ಗೆ ತುಂಬಿಸುವುದು

ಆಪಲ್‌ನವರದೇ ಮೈಗ್ರೇಷನ್ ಅಸಿಸ್ಟೆಂಟ್ ಇದೆ. ಎರಡೂ ಲ್ಯಾಪ್‌ಟಾಪ್ ಒಂದೇ ವೈಫೈನಲ್ಲಿದ್ದರೆ ಫೈಲುಗಳನ್ನು ತಾನೇ ಸಾಗಿಸುತ್ತದೆ. ಹಾಸ್ಟೆಲ್ ವೈಫೈನಲ್ಲಿ ಅದಕ್ಕೆ ಕೂತರೆ ರಾತ್ರಿ ಕಳೆಯುತ್ತದೆ. ನನಗೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕೇ ಸರಿ. ಏನು ಹೋಯಿತು, ಏನು ಉಳಿಯಿತು ಎಂದು ಕಣ್ಣಾರೆ ಕಾಣುತ್ತದೆ.

ಡಿಸ್ಕ್‌ನ ಫಾರ್ಮ್ಯಾಟ್, ಅಂದರೆ ಫೈಲು ಜೋಡಿಸಿಡುವ ವಿಧಾನ, ಎನ್‌ಟಿಎಫ್‌ಎಸ್ ಆಗಿದ್ದರೆ ಮ್ಯಾಕ್ ಅದನ್ನು ಓದುತ್ತದೆ, ಅದರೊಳಗೆ ಬರೆಯುವುದಿಲ್ಲ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಎರಡೂ ಕಡೆ ನಡೆಯಬೇಕೆಂದರೆ ಎಕ್ಸ್‌ಫ್ಯಾಟ್. ಖಾಲಿ ಡಿಸ್ಕ್ ಇರುವಾಗಲೇ ವಿಂಡೋಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಒತ್ತಿ, ಎಕ್ಸ್‌ಫ್ಯಾಟ್ ಆರಿಸಿ. ಫಾರ್ಮ್ಯಾಟ್ ಎಂದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಪಾಸ್‌ವರ್ಡ್ ಹಾಕಿ ಬಿಟ್‌ಲಾಕರ್ ಮಾಡಿದ ಡಿಸ್ಕ್ ಆದರೆ "ಓದಲಾಗುತ್ತಿಲ್ಲ" ಎಂದು ಮ್ಯಾಕ್ ಹೇಳಿ, ಇನಿಷಿಯಲೈಸ್ ಮಾಡಲೇ ಎಂದು ಕೇಳುತ್ತದೆ. ಆ ಗುಂಡಿ ಒತ್ತಬೇಡಿ. ಇಜೆಕ್ಟ್ ಒತ್ತಿ, ವಿಂಡೋಸ್‌ಗೆ ವಾಪಸ್ ಹಾಕಿ ಬಿಟ್‌ಲಾಕರನ್ನೇ ಆಫ್ ಮಾಡಿ. ಇನಿಷಿಯಲೈಸ್ ಮಾಡಿ ಮೂರು ವರ್ಷದ ಪ್ರಾಜೆಕ್ಟ್ ಕಳೆದುಕೊಂಡ ಹುಡುಗನನ್ನು ನಾನು ನೋಡಿದ್ದೇನೆ.

ಕಾಪಿ ಮಾಡುವ ಮುಂಚೆ ಒನ್‌ಡ್ರೈವ್, ಅಂದರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ, ನೋಡಿ. ಫೈಲಿನ ಪಕ್ಕ ಮೋಡದ ಚಿತ್ರ ಇದ್ದರೆ ಆ ಫೈಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿಲ್ಲ, ಹೆಸರು ಮಾತ್ರ ಇದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಯಾವಾಗಲೂ ಈ ಲ್ಯಾಪ್‌ಟಾಪ್‌ನಲ್ಲೇ ಇರಲಿ ಎಂಬ ಆಯ್ಕೆ ಒತ್ತಿ. ಹಸಿರು ಗುರುತು ಬರುವವರೆಗೆ ಕಾಯಿರಿ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಮರೆಯಬೇಡಿ, ಹುಡುಗರ ಅರ್ಧ ಜೀವನ ಅಲ್ಲೇ ಇರುತ್ತದೆ.

500 ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಎಂದು ಆನ್‌ಲೈನ್‌ನಲ್ಲಿ ಬರುವುದನ್ನು ಮುಟ್ಟಲೇಬೇಡಿ. ಅಷ್ಟು ಜಾಗ ಇದೆ ಎಂದು ತೋರಿಸುತ್ತದೆ, ಇರುವುದಿಲ್ಲ. ಜಾಗ ಮುಗಿದ ಮೇಲೂ ಕಾಪಿ ಆಯಿತು ಎಂದೇ ಹೇಳುತ್ತದೆ. ಆಮೇಲೆ ಫೈಲ್ ತೆಗೆದರೆ ಒಳಗೆ ಏನೂ ಇರುವುದಿಲ್ಲ.

ಮ್ಯಾಕ್‌ಬುಕ್ ಏರ್‌ನಲ್ಲಿ ಡಿಸ್ಕ್, ಪೆನ್‌ಡ್ರೈವ್ ಹಾಕಲು ಇರುವುದು ಯುಎಸ್‌ಬಿ ಸಿ ಕಿಂಡಿಗಳು ಮಾತ್ರ. ಹಳೇ ಪೆನ್‌ಡ್ರೈವ್ ನೇರ ಕೂರುವುದಿಲ್ಲ. ಒಂದು ಹಬ್ ಕೊಳ್ಳಿ, ಎಚ್‌ಡಿಎಂಐ ಇರುವುದನ್ನೇ ನೋಡಿ. ಸೆಮಿನಾರ್ ದಿನ ಪ್ರೊಜೆಕ್ಟರ್‌ಗೆ ಹಾಕಲು ಬೇಕಾಗುತ್ತದೆ.

ಮ್ಯಾಕ್ ತೆರೆದ ಮೇಲೆ

ಮೊದಲ ಕೆಲಸ ಕನ್ನಡ ಕೀಲಿಮಣೆ. ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಕೀಬೋರ್ಡ್, ಅಲ್ಲಿ ಇನ್‌ಪುಟ್ ಸೋರ್ಸಸ್ ಪಕ್ಕದ ಎಡಿಟ್. ಕೂಡಿಸುವ ಗುರುತು ಒತ್ತಿ ಕನ್ನಡ ಆರಿಸಿ. ನುಡಿ ಕೈಯವರು 'ಕನ್ನಡ ಕ್ವರ್ಟಿ' ಹಾಕಿಕೊಳ್ಳಿ, ಅದು ಬೇಗ ಕೈಗೆ ಹತ್ತುತ್ತದೆ. ಯಾವ ಕೀಲಿಗೆ ಯಾವ ಅಕ್ಷರ ಎಂದು ಕಾಣಲು ಮೇಲಿನ ಪಟ್ಟಿಯಿಂದ ಕೀಬೋರ್ಡ್ ವ್ಯೂವರ್ ತೆಗೆದಿಟ್ಟುಕೊಳ್ಳಿ. ಒಂದು ವಾರ ದಿನಾ ಒಂದು ಪುಟ ಟೈಪ್ ಮಾಡಿ. ಪರೀಕ್ಷೆ ಹತ್ತಿರ ಇದ್ದಾಗ ಮಾತ್ರ ಈ ಬದಲಾವಣೆ ಬೇಡ.

ಕಂಟ್ರೋಲ್ ಬದಲು ಕಮಾಂಡ್. ಕಾಪಿ, ಪೇಸ್ಟ್, ಅನ್‌ಡೂ ಎಲ್ಲ ಅದರಿಂದಲೇ. ಫೈಲಿನ ಮೇಲೆ ಎಂಟರ್ ಒತ್ತಿದರೆ ಫೈಲ್ ತೆರೆಯುವುದಿಲ್ಲ, ಹೆಸರು ಬದಲಿಸಲು ಕೇಳುತ್ತದೆ. ಫೈಲನ್ನು ಕಟ್ ಮಾಡಲು ಕಮಾಂಡ್ ಎಕ್ಸ್ ನಡೆಯದು. ಕಮಾಂಡ್ ಸಿ ಒತ್ತಿ, ಹೊಸ ಜಾಗದಲ್ಲಿ ಆಪ್ಷನ್ ಕಮಾಂಡ್ ವಿ ಒತ್ತಿ. ಸ್ಕ್ರೀನಿನ ಒಂದು ಭಾಗದ ಫೋಟೋ ಬೇಕಾದರೆ ಕಮಾಂಡ್ ಶಿಫ್ಟ್ 4. ಕೆಂಪು ಚುಕ್ಕಿ ಒತ್ತಿದರೆ ಕಿಟಕಿ ಮುಚ್ಚುತ್ತದೆ, ಆದರೆ ಎಷ್ಟೋ ಆಪ್‌ಗಳು ಹಿಂದೆ ಓಡುತ್ತಲೇ ಇರುತ್ತವೆ. ಪೂರ್ತಿ ನಿಲ್ಲಿಸಲು ಕಮಾಂಡ್ ಕ್ಯೂ.

ಸಾಫ್ಟ್‌ವೇರ್ ಡಿಎಂಜಿ ಫೈಲಾಗಿ ಇಳಿದರೆ, ತೆರೆದ ಕಿಟಕಿಯಲ್ಲಿ ಕಾಣುವ ಚಿತ್ರವನ್ನು ಅಪ್ಲಿಕೇಷನ್ಸ್ ಫೋಲ್ಡರ್‌ಗೆ ಎಳೆದು ಬಿಡಿ. ಆ ಕಿಟಕಿಯಿಂದಲೇ ದಿನಾ ಓಡಿಸುವವರಿದ್ದಾರೆ, ಅದು ಇನ್‌ಸ್ಟಾಲ್ ಆದ ಹಾಗಲ್ಲ. ಮ್ಯಾಕ್ ಕ್ಲೀನರ್ ಎಂದು ಜಾಹೀರಾತು ಬರುತ್ತದೆ, ಯಾವುದೂ ಬೇಕಿಲ್ಲ. ಸ್ಕಾಲರ್‌ಶಿಪ್ ಅರ್ಜಿಗೆ ಪಿಡಿಎಫ್ ಗಾತ್ರ ಇಳಿಸಲು ಪ್ರಿವ್ಯೂ ಆಪ್‌ನಲ್ಲಿ ಎಕ್ಸ್‌ಪೋರ್ಟ್‌ಗೆ ಹೋಗಿ, ಕ್ವಾರ್ಟ್ಸ್ ಫಿಲ್ಟರ್‌ನಲ್ಲಿ ಗಾತ್ರ ಕಡಿಮೆ ಮಾಡುವುದನ್ನು ಆರಿಸಿ. ಅಕ್ಷರ ಮಸುಕಾಗಿದೆಯೇ ಎಂದು ನೋಡಿ ಕಳಿಸಿ.

ನಮ್ಮ ಬಿಸಿಲು

ಮ್ಯಾಕ್‌ಬುಕ್ ಬಳಸಲು ಸುತ್ತಲಿನ ಬಿಸಿ 10ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು ಎನ್ನುತ್ತದೆ ಆಪಲ್. ಬಳ್ಳಾರಿ, ರಾಯಚೂರಿನ ಏಪ್ರಿಲ್, ಮೇ ತಿಂಗಳು 40 ದಾಟುತ್ತವೆ. ಎಂ ಸಾಲಿನ ಏರ್‌ನಲ್ಲಿ ಫ್ಯಾನ್ ಇಲ್ಲ, ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ತಗಡಿನ ಮಾಡಿನ ರೂಮಿನಲ್ಲಿ ಮಧ್ಯಾಹ್ನ ಭಾರದ ಕೆಲಸ ಕೊಡಬೇಡಿ, ಬೆಳಿಗ್ಗೆ ಮಾಡಿ. ಹಾಸಿಗೆ, ದಿಂಬಿನ ಮೇಲಿಡಬೇಡಿ. ನಿಲ್ಲಿಸಿದ ಕಾರಿನೊಳಗಂತೂ ಬಿಡಲೇಬೇಡಿ.

ಕೊನೆಗೆ ಹಳೇ ಲ್ಯಾಪ್‌ಟಾಪ್

ಹದಿನೈದು ದಿನ ಎರಡನ್ನೂ ಇಟ್ಟುಕೊಳ್ಳಿ. ಎಕ್ಸ್‌ಚೇಂಜ್‌ನಲ್ಲಿ ಸಿಗುವ ದುಡ್ಡಿನ ಆಸೆಗೆ ಅಂಗಡಿಯಲ್ಲೇ ಕೊಟ್ಟು ಬರಬೇಡಿ. ಪ್ರತಿ ಕನ್ನಡ ಫೈಲನ್ನೂ ಮ್ಯಾಕ್‌ನಲ್ಲಿ ತೆರೆದು, ಮಧ್ಯದ ಒಂದು ಪುಟ ಓದಿ ನೋಡಿ. ಡಿಸ್ಕ್‌ನಲ್ಲಿರುವ ಪ್ರತಿಯನ್ನು ಅಳಿಸಬೇಡಿ. ಎಲ್ಲ ಸರಿ ಇದೆ ಎನಿಸಿದ ಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋಗಿ, ರೀಸೆಟ್ ಒತ್ತಿ, ಎಲ್ಲ ತೆಗೆಯುವ ಆಯ್ಕೆ ಕೊಡಿ. ಬೇರೆಯವರಿಗೆ ಮಾರುವುದಾದರೆ ಕ್ಲೀನ್ ಡೇಟಾ ಆಯ್ಕೆಯನ್ನೂ ಹಾಕಿ. ಹಳೇ ಬ್ಯಾಟರಿ ನಂಬಬೇಡಿ, ಚಾರ್ಜರ್ ಹಾಕಿಯೇ ಇಡಿ. ಕರೆಂಟ್ ಹೋಗುವ ಹೊತ್ತು ನಿಮಗೆ ಗೊತ್ತೇ ಇರುತ್ತದೆ ಅಲ್ವಾ, ಅದನ್ನು ಬಿಟ್ಟು ಶುರು ಮಾಡಿ.