ಒಂದೇ ಬಣ್ಣದ ಕಾರ್ಡು

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡೊಂದಕ್ಕೆ, ಅಂದರೆ ಅವರ ಹಾಡಿಯೊಂದಕ್ಕೆ, ಸಿಕಲ್ ಸೆಲ್ ರಕ್ತಹೀನತೆಯ ತಪಾಸಣೆಗೆಂದು ನಾವು ಮೊದಲ ಸಲ ಹೋದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ವಿಪರೀತ ನೋವು ತರುವ, ತಂದೆತಾಯಿಯರಿಂದ ಮಕ್ಕಳಿಗೆ ಬರುವ ಕಾಯಿಲೆ ಅದು. ಪೋಡಿನಲ್ಲಿ ಇದ್ದದ್ದು ಇಬ್ಬರು ಮುದುಕಿಯರು, ನಾಲ್ಕು ನಾಯಿಗಳು. ಉಳಿದವರೆಲ್ಲ ನೆಲ್ಲಿಕಾಯಿಗೋ ಕಾಫಿ ತೋಟದ ಕೂಲಿಗೋ ಹೋಗಿದ್ದರು. ಪ್ರಯೋಗಾಲಯದ ತಂತ್ರಜ್ಞೆಯಾದ ನಾನೇ ಆ ದಿನದ ವರದಿಯಲ್ಲಿ ‘ಸಮುದಾಯದ ಸಹಕಾರ ಕಡಿಮೆ’ ಎಂದು ಬರೆದೆ. ಆ ಸಾಲು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎರಡನೆಯ ಸಲ ಯಜಮಾನರನ್ನು ಕೇಳಿಕೊಂಡು ಹೋದೆವು. ರಾತ್ರಿ ಬನ್ನಿ ಎಂದರು. ಜೊತೆಗೆ, “ಹಿಂದೆಯೂ ರಕ್ತ ತೆಗೆದುಕೊಂಡು ಹೋದವರಿದ್ದಾರೆ ಅವ್ವ. ಏನಾಯಿತೆಂದು ಹೇಳುವುದಕ್ಕೆ ಯಾರೂ ತಿರುಗಿ ಬರಲಿಲ್ಲ” ಎಂದರು. ಇದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಕತ್ತಲಾದ ಮೇಲೆ ಚೆಕ್‌ಪೋಸ್ಟ್ ದಾಟುವಂತಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ, ಬೆಳಕಿರುವಾಗಲೇ ಬೆಟ್ಟ ಹತ್ತಿ, ಪೋಡಿನಲ್ಲೇ ಉಳಿದೆವು. ಆರೋಗ್ಯ ಇಲಾಖೆ, ನಮ್ಮ ಸಂಸ್ಥೆ, ಗಿರಿಜನರ ಸಂಘ ಮೂವರೂ ಸಹಿ ಹಾಕಿದ ಒಪ್ಪಂದ ಆ ಹೊತ್ತಿಗೆ ಸಿದ್ಧವಿತ್ತು. ಅದರಲ್ಲಿ ಅರಣ್ಯ ಇಲಾಖೆಯ ಹೆಸರೇ ಇರಲಿಲ್ಲ!

ಬೆರಳು ಚಾಚುವ ಮೊದಲು ಯಜಮಾನರು “ನಿಮ್ಮದು ಮೊದಲಾಗಲಿ” ಎಂದರು. ನನ್ನ ಬೆರಳನ್ನೇ ಚುಚ್ಚಿಕೊಂಡೆ. ದ್ರಾವಣವಿರುವ ಗಾಜಿನ ಕೊಳವೆಗೆ ಚೂರು ರಕ್ತ ಬಿಟ್ಟು, ಕೆಲವು ನಿಮಿಷ ಕಾದು, ಹಿಂದೆ ಕಪ್ಪು ಗೆರೆಗಳ ಕಾಗದ ಹಿಡಿಯಬೇಕು. ಗೆರೆ ಕಂಡರೆ ಸರಿ. ದ್ರಾವಣ ಕದಡಿ ಗೆರೆ ಮುಚ್ಚಿಹೋದರೆ ಸಿಕಲ್ ಅಂಶವಿದೆ ಎಂದರ್ಥ. ತಮಗೆ ರೋಗವಿಲ್ಲದಿದ್ದರೂ ದೋಷವನ್ನು ಮಕ್ಕಳಿಗೆ ದಾಟಿಸಬಲ್ಲ ಬರಿಯ ವಾಹಕರೋ, ರೋಗವೇ ಇದೆಯೋ ಎಂಬುದನ್ನು ಈ ಕೊಳವೆ ಹೇಳದು. ಅದಕ್ಕೆ ಪ್ರಯೋಗಾಲಯದಲ್ಲಿ ಮತ್ತೊಂದು ಪರೀಕ್ಷೆ ಆಗಬೇಕು. ಟಾರ್ಚಿನ ಬೆಳಕಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಬಂದು ಇಣುಕಿ, ನನ್ನ ಗೆರೆಗಳನ್ನು ಎಣಿಸಿದರು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ.

ನಾವು ಎಡವಿದ್ದು ಕಾರ್ಡಿನಲ್ಲಿ. ರೋಗವಿದ್ದವರಿಗೆ ಕೆಂಪು, ವಾಹಕರಿಗೆ ಹಳದಿ, ಉಳಿದವರಿಗೆ ಬಿಳಿ ಎಂದು ಮುದ್ರಿಸಿ ಹಂಚಿದೆವು. ತಿಂಗಳೊಳಗೆ ಹಳದಿ ಕಾರ್ಡಿನ ಹುಡುಗಿಯೊಬ್ಬಳ ಮದುವೆ ಮಾತು ಮುರಿಯಿತು. ಸಂಘದ ಸಭೆಯಲ್ಲಿ ಅವಳ ಸೋದರತ್ತೆ ಎದ್ದು ನಿಂತರು: “ಒಂದೇ ಕುಲದೊಳಗೆ ನಾವು ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಕುಲ ನೋಡುವುದು ನಮಗೆ ಗೊತ್ತು. ಇನ್ನು ಬಣ್ಣವನ್ನೂ ನೋಡಬೇಕೇ?” ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಬ್ಬರ ರಕ್ತದಲ್ಲಿ ಇಂಥ ದೋಷವೇನೂ ಇಲ್ಲದಿದ್ದರೆ ಮಗುವಿಗೆ ರೋಗ ಬರುವುದಿಲ್ಲ. ಇಷ್ಟನ್ನು ಬಿಡಿಸಿ ಹೇಳುವ ಮೊದಲೇ ಬಣ್ಣ ಹಂಚಿದ್ದೆವು. ಕಾರ್ಡುಗಳನ್ನೆಲ್ಲ ಹಿಂಪಡೆದು ಒಂದೇ ಬಣ್ಣದಲ್ಲಿ ಮುದ್ರಿಸಿದೆವು. ಫಲಿತಾಂಶ ಒಳಮಡಿಕೆಗೆ ಹೋಯಿತು.

ಹಿಂಬದಿಯ ಸಾಲುಗಳು ವೈದ್ಯರಿಗೆ: ‘ಈ ನೋವು ನಿಜ. ತಡಮಾಡದೆ ನೋವಿಗೆ ಔಷಧ ಕೊಡಿ. ಜ್ವರವನ್ನು ಹಗುರವಾಗಿ ಕಾಣಬೇಡಿ.’ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಮೂಳೆನೋವಿನಿಂದ ಒದ್ದಾಡುತ್ತಿದ್ದ ನಮ್ಮ ಹುಡುಗನೊಬ್ಬನನ್ನು ಕುಡಿದು ಬಂದಿದ್ದಾನೆಂದು ಹೊರಗೆ ಕೂರಿಸಿದ್ದರು. ಕಾರ್ಡೊಂದೇ ಸಾಲದೆಂದು ಸಂಘದವರು ಹಟ ಹಿಡಿದ ಮೇಲೆ, ಚೀಟಿ ಕೊಡುವ ಕಿಟಕಿಯ ಪಕ್ಕ ಈಗ ಸೋಲಿಗ ಯುವತಿಯೊಬ್ಬರು ಕೂರುತ್ತಾರೆ. ಅವರ ಸಂಬಳ ಯಾರ ಲೆಕ್ಕಕ್ಕೆ ಎಂಬುದು ತೀರ್ಮಾನವಾಗಲು ಏಳು ತಿಂಗಳು ಹಿಡಿಯಿತು. ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮ ಬೆಟ್ಟಕ್ಕೆ ದೂರವಲ್ಲದ ನೀಲಗಿರಿಯಲ್ಲಿ, 1952ರಲ್ಲಿ. ಅದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರಲ್ಲಿ. ಏಳು ತಿಂಗಳಿಗೆ ಗೊಣಗುವ ನಾನು ಈ ಲೆಕ್ಕ ನೋಡಿ ಸುಮ್ಮನಾಗುತ್ತೇನೆ.

ಆ ಹುಡುಗ ಈಗ ಹೈಡ್ರಾಕ್ಸಿಯೂರಿಯಾ ಎಂಬ, ನೋವು ಮರುಕಳಿಸುವುದನ್ನು ಕಡಿಮೆ ಮಾಡುವ ಮಾತ್ರೆಯಲ್ಲಿದ್ದಾನೆ. ಆಗಾಗ ರಕ್ತಕಣಗಳ ಎಣಿಕೆ ಆಗಬೇಕು, ಮಾತ್ರೆ ತಪ್ಪಬಾರದು. ಪ್ರತಿ ಸಲ ಪಟ್ಟಣಕ್ಕೆ ಹೋದರೆ ಒಂದು ದಿನದ ಕೂಲಿ ಹೋಯಿತು. ಅದಕ್ಕೇ ಮಾತ್ರೆಯನ್ನು ನಾವೇ ಪೋಡಿಗೆ ಒಯ್ಯುತ್ತೇವೆ. ಕಳೆದ ತಿಂಗಳು ಹೋದಾಗ ಅವನು ಸಿಗಲಿಲ್ಲ, ನೆಲ್ಲಿಕಾಯಿಗೆ ಹೋಗಿದ್ದ. ಮಾತ್ರೆಯನ್ನು ಅವನ ತಾಯಿಯ ಕೈಗೆ ಕೊಟ್ಟೆವು. ಮತ್ತೆ ಹಗಲು ಹೊತ್ತಿನಲ್ಲಿ ಬಂದಿರಲ್ಲ ಎಂದು ಅವರು ನಕ್ಕರು.