ಪಾಲಿಕೆ ಯಾರ ಕೈಗೆ? ಫಲಿತಾಂಶದ ಮರುದಿನ ಹಾಕಬೇಕಾದ ಲೆಕ್ಕ

2015ರ ಬಿಬಿಎಂಪಿ ಚುನಾವಣೆ ನೆನಪಿದೆಯಾ? 198 ವಾರ್ಡ್‌ಗಳಲ್ಲಿ ಬಿಜೆಪಿಗೆ 100, ಕಾಂಗ್ರೆಸ್‌ಗೆ 76, ಜೆಡಿಎಸ್‌ಗೆ 14, ಪಕ್ಷೇತರರು ಮತ್ತು ಇತರರಿಗೆ 8. ನಮ್ಮ ಬೀದಿಯಲ್ಲಿ ಪಟಾಕಿಯೂ ಹೊಡೆದರು. ಮೇಯರ್ ಆಗಿದ್ದು ಮಾತ್ರ ಕಾಂಗ್ರೆಸ್‌ನ ಮಂಜುನಾಥ ರೆಡ್ಡಿ. ವಾರ್ಡ್ ಲೆಕ್ಕ ಅರ್ಧ ಲೆಕ್ಕ ಅಷ್ಟೇ. ಪೂರ್ತಿ ಲೆಕ್ಕ ನಾನು ಹೀಗೆ ಹಾಕುತ್ತೇನೆ.

ಒಂದು ಹಾಳೆ ತಗೊಳ್ಳಿ. ಪಕ್ಷವಾರು ಕಾರ್ಪೊರೇಟರ್‌ಗಳನ್ನು ಬರೆಯಿರಿ. ಕೆಳಗೆ ಆ ಊರಿನ ಎಂಎಲ್‌ಎ, ಎಂಪಿಗಳನ್ನು ಸೇರಿಸಿ. ಮೇಯರ್ ಚುನಾವಣೆಯಲ್ಲಿ ಅವರಿಗೂ ಮತ ಇದೆ. ಎಂಎಲ್‌ಸಿ ಮತ್ತು ರಾಜ್ಯಸಭೆಯವರ ವಿಷಯದಲ್ಲಿ ಅವರ ಹೆಸರು ಯಾವ ಊರಿನ ಮತದಾರರ ಪಟ್ಟಿಯಲ್ಲಿದೆ ಅಂತ ನೋಡಬೇಕು. ಆಟ ತಿರುಗುವುದು ಹೆಚ್ಚಾಗಿ ಇಲ್ಲೇ. ನಾಮನಿರ್ದೇಶಿತ ಸದಸ್ಯರನ್ನು ಬಿಟ್ಟುಬಿಡಿ, ಅವರು ಮಾತಾಡಬಹುದು, ಮತ ಹಾಕುವಂತಿಲ್ಲ. 2015ರಲ್ಲಿ ಹೀಗೆ ಕೂಡಿದಾಗ ಬೆಂಗಳೂರಿನ ಒಟ್ಟು ಮತ 260 ಆಗಿತ್ತು. ಬೇಕಿದ್ದದ್ದು 131.

ಕಲಬುರಗಿಯದ್ದಂತೂ ಕೂದಲೆಳೆ ಅಂತರ. 2021ರಲ್ಲಿ 55 ವಾರ್ಡ್‌ಗಳಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಮೇಯರ್ ಚುನಾವಣೆ ನಡೆದದ್ದು 2023ರ ಮಾರ್ಚ್‌ನಲ್ಲಿ. ಬಿಜೆಪಿ 33, ಕಾಂಗ್ರೆಸ್ 32! ವಾರ್ಡ್‌ನಲ್ಲಿ ಗೆದ್ದವರು ಒಂದೂವರೆ ವರ್ಷ ಕಾದರು. ಅಷ್ಟು ದಿನ ಜನರೂ ಕಾದರು, ಅದು ನನಗೆ ಜಾಸ್ತಿ ನೋವಿನ ವಿಷಯ.

ಆಮೇಲೆ ಮೀಸಲಾತಿ ನೋಡಿ. ಈ ಸಲ ಮೇಯರ್ ಸ್ಥಾನ ಯಾವ ವರ್ಗಕ್ಕೆ? ಬಹುಮತ ಇದ್ದರೂ ಆ ವರ್ಗದ ಸದಸ್ಯರೇ ಪಕ್ಷದಲ್ಲಿ ಇಲ್ಲದಿದ್ದರೆ ಏನು ಮಾಡುತ್ತಾರೆ, ಅಲ್ವಾ?

ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಅದರ ವಿಷಯ ಚಿಕ್ಕದು. 1987ರ ಪಕ್ಷಾಂತರ ನಿಷೇಧ ಕಾಯ್ದೆ ಪಾಲಿಕೆಗೂ ಇದೆ, ವಿಪ್ ಮೀರಿದವರ ಸದಸ್ಯತ್ವಕ್ಕೇ ಕುತ್ತು. ಹಾಗಾಗಿ ಮೇಯರ್ ಚುನಾವಣೆಗೆ ಮುಂಚೆ ಎಲ್ಲರ ಕಣ್ಣು ಪಕ್ಷೇತರರ ಮೇಲೆ. ನಿಮ್ಮ ಹಾಳೆಯಲ್ಲಿ ಅವರ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ.

ಹಾಳೆಯನ್ನು ಎಸೆಯಬೇಡಿ. ಬೆಂಗಳೂರಿನ ಹೊಸ ಪಾಲಿಕೆಗಳನ್ನು ಬಿಟ್ಟರೆ, ಪಾಲಿಕೆಯಲ್ಲಿ ಮೇಯರ್ ಅವಧಿ ಒಂದೇ ವರ್ಷ, ಪ್ರತಿ ವರ್ಷವೂ ಲೆಕ್ಕ ಹೊಸದು. ಬೆಂಗಳೂರಿನ ಅದೇ ಕೌನ್ಸಿಲ್‌ನಲ್ಲಿ 2019ರಲ್ಲಿ ಬಿಜೆಪಿಯ ಗೌತಮ್ ಕುಮಾರ್ 129 ಮತ ಪಡೆದು ಮೇಯರ್ ಆದರು. ವಾರ್ಡ್ ಚುನಾವಣೆ ಮತ್ತೆ ನಡೆದಿರಲಿಲ್ಲ. ವಿಧಾನಸೌಧದಲ್ಲಿ ಮೈತ್ರಿ ಸರ್ಕಾರ ಬಿದ್ದಿತ್ತು, ಕೆಲವು ಎಂಎಲ್‌ಎಗಳು ಅನರ್ಹರಾಗಿದ್ದರು, ಒಟ್ಟು ಮತವೇ ಇಳಿದಿತ್ತು.

ಮೇಯರ್ ಹೆಸರು ಗೊತ್ತಾದ ಕೂಡಲೇ ಸುಮ್ನೆ ಕೂರಬೇಡಿ. ಪಾಲಿಕೆಯ ಒಂದೊಂದು ವಿಷಯ ನೋಡಿಕೊಳ್ಳುವ ಸ್ಥಾಯಿ ಸಮಿತಿಗಳು ಯಾರ ಪಾಲಾದವು ನೋಡಿ. ಮೈತ್ರಿಯ ಬೆಲೆ ಎಷ್ಟಾಯ್ತು ಅಂತ ತಿಳಿಯುವುದು ಅಲ್ಲೇ.

ಬೆಂಗಳೂರಿನವರಿಗೆ ಇನ್ನೊಂದು ಮಾತು. 2020ರ ಸೆಪ್ಟೆಂಬರ್‌ನಲ್ಲಿ ಆ ಕೌನ್ಸಿಲ್‌ನ ಅವಧಿ ಮುಗಿಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಹಾಗಾಗಿ ಹಾಳೆಯೂ ಐದು ಬೇಕು. ಹಳೇ ಪಟ್ಟಿ ನಕಲು ಮಾಡದೆ, ಯಾರಿಗೆ ಮತ ಇದೆ ಅಂತ ಹೊಸ ಕಾಯ್ದೆಯಲ್ಲಿ ಓದಿಕೊಂಡು ಶುರು ಮಾಡಿ.