ಅರೆಸೇನೆ ಅಂದರೆ ಯಾರ ಸೇನೆ? ಒಂದು ಬದುಕನ್ನು ಕನ್ನಡಕ್ಕೆ ತಂದ ನನ್ನ ಅನುಭವ

ನಮ್ಮೂರ ಲೈಬ್ರರಿಯಲ್ಲಿ ತಿಂಗಳಿಗೊಮ್ಮೆ ಯಾರಾದರೂ ಒಬ್ಬರ ಬದುಕಿನ ಬಗ್ಗೆ ಅರ್ಧ ಗಂಟೆ ಮಾತಾಡುವ ರೂಢಿ ಇದೆ. ನನ್ನ ಸರದಿಗೆ ಉತ್ತರ ಐರ್ಲೆಂಡಿನ ಡೇವಿಡ್ ಅರ್ವಿನ್ ಅವರನ್ನು ಆರಿಸಿಕೊಂಡೆ. ಸ್ಫೋಟಕದ ಜೊತೆ ಸಿಕ್ಕಿಬಿದ್ದು ಜೈಲು ಸೇರಿದವರು, ಆಮೇಲೆ ಶಾಸಕರಾದವರು. ಸಲೀಸಾದ ಕಥೆ ಅಂದುಕೊಂಡಿದ್ದೆ.

ಮೊದಲ ಸಾಲಿನಲ್ಲೇ ಎಡವಿದೆ. 'ಪ್ಯಾರಾಮಿಲಿಟರಿ' ಅನ್ನೋದಕ್ಕೆ 'ಅರೆಸೇನಾಪಡೆ' ಅಂತ ಬರೆದಿದ್ದೆ. ತಂಗಿಗೆ ಓದಿ ಹೇಳಿದರೆ, "ಇವ್ರು ಸಿಆರ್‌ಪಿಎಫ್‌ನಲ್ಲಿದ್ರಾ?" ಅಂದಳು. ತಪ್ಪು ಅವಳದಲ್ಲ. ನಮ್ಮಲ್ಲಿ ಅದು ಸರ್ಕಾರದ ಪಡೆ. ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ನಲ್ಲಿ ಅದು ಬಂದೂಕು ಹಿಡಿದ ಖಾಸಗಿ ಗುಂಪು. 'ಬಂಡುಕೋರರು' ಅನ್ನೋಣ ಅಂದರೆ ಅದೂ ಒಗ್ಗಲಿಲ್ಲ. ಅರ್ವಿನ್ ಇದ್ದ ಯುವಿಎಫ್ (ಅಲ್ಸ್ಟರ್ ವಾಲಂಟಿಯರ್ ಫೋರ್ಸ್) ಅನ್ನೋ ಗುಂಪು ಹೋರಾಡುತ್ತಿದ್ದುದೇ ಉತ್ತರ ಐರ್ಲೆಂಡ್ ಬ್ರಿಟನ್ ಜೊತೆಗೇ ಉಳಿಯಬೇಕು ಅಂತ. ಆದರೂ ಅವರನ್ನು ಜೈಲಿಗೆ ಹಾಕಿದ್ದು ಬ್ರಿಟನ್ನೇ! ಕೊನೆಗೆ 'ಸಶಸ್ತ್ರ ಗುಂಪು' ಅಂತ ಬರೆದು, ಈ ಗೋಜಲನ್ನೇ ಎರಡು ನಿಮಿಷ ವಿವರಿಸಿದೆ.

ಇನ್ನೊಂದು ಕಷ್ಟ ನನ್ನೊಳಗಿನದೇ. ಚಿಕ್ಕಂದಿನಿಂದ ಅಂಗುಲಿಮಾಲನ ಕಥೆ ಕೇಳಿದವನು ನಾನು. ಕೈ ತಾನಾಗಿ ಅದೇ ದಾರಿ ಹಿಡಿಯಿತು. 1972ರ ಜುಲೈ 21, ಅರ್ವಿನ್‌ಗೆ 19 ತುಂಬಿದ ದಿನ. ಅವತ್ತು, ಬ್ರಿಟನ್ ಬಿಟ್ಟು ಐರ್ಲೆಂಡ್ ಜೊತೆ ಸೇರಬೇಕು ಅನ್ನುತ್ತಿದ್ದ ಎದುರು ಗುಂಪು ಐಆರ್‌ಎ ಬೆಲ್‌ಫಾಸ್ಟ್‌ನಲ್ಲಿ ಸುಮಾರು 20 ಬಾಂಬ್ ಸಿಡಿಸಿತು, 9 ಜನ ಸತ್ತರು. ಆಮೇಲೆ ಅವರು ಯುವಿಎಫ್ ಸೇರಿದರು. 1974ರಲ್ಲಿ ಕಾರಿನಲ್ಲಿ ಸ್ಫೋಟಕ ಇಟ್ಟುಕೊಂಡು ಸಿಕ್ಕಿಬಿದ್ದರು. ಸೈನಿಕರು ಸೊಂಟಕ್ಕೆ ಹಗ್ಗ ಕಟ್ಟಿ, ಆ ಬಾಂಬನ್ನು ಅವರ ಕೈಯಲ್ಲೇ ನಿಷ್ಕ್ರಿಯ ಮಾಡಿಸಿದರಂತೆ. ಶಿಕ್ಷೆ 11 ವರ್ಷ.

ಲಾಂಗ್ ಕೆಶ್ ಜೈಲಿನಲ್ಲಿ ಗುಂಪಿನ ಹಿರಿಯ ಗಸ್ಟಿ ಸ್ಪೆನ್ಸ್ ಇದ್ದರು. ನೀನ್ಯಾಕೆ ಇಲ್ಲಿದ್ದೀಯಾ ಅಂತ ಕೇಳಿದರು. ಅರ್ವಿನ್ ತಮ್ಮ ಮೇಲಿನ ಕೇಸು ಹೇಳಿದರು. ಅದಲ್ಲ, ಯಾಕೆ ಇದ್ದೀಯಾ ಅಂತ ಮತ್ತೆ ಅದೇ ಪ್ರಶ್ನೆ. ಇಲ್ಲಿ ನಾನು 'ಆ ಕ್ಷಣವೇ ಅವರ ಕಣ್ಣು ತೆರೆಯಿತು' ಅಂತ ಬರೆದಿದ್ದೆ. ಓದುವಾಗ ನಾಚಿಕೆಯಾಗಿ ಹೊಡೆದುಹಾಕಿದೆ. 1980ರಲ್ಲಿ ಹೊರಬಂದವರು ಅಂಗಡಿ ನಡೆಸಿದರು, 1985ರ ಸ್ಥಳೀಯ ಚುನಾವಣೆಯಲ್ಲಿ ಸೋತರು. ಸಶಸ್ತ್ರ ಗುಂಪುಗಳ ಕದನ ವಿರಾಮ ಬಂದದ್ದು 1994ರಲ್ಲಿ, ಶಾಂತಿ ಒಪ್ಪಂದ 1998ರಲ್ಲಿ. ಅಷ್ಟು ವರ್ಷ ಹಿಡಿದದ್ದನ್ನು ಒಂದು ಕ್ಷಣಕ್ಕೆ ಇಳಿಸೋದು ಸುಳ್ಳೇ ಅಲ್ವಾ?

ಮಾತು ಮುಗಿದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಎದ್ದರು. "ಇವರ ಗುಂಪಿನಿಂದ ಸತ್ತವರು ಎಷ್ಟು ಜನ? ನೀವು ಹೇಳಲೇ ಇಲ್ಲ." ನಿಜ. ಹಗ್ಗದ ಪ್ರಸಂಗಕ್ಕೆ ಒಂದು ಪ್ಯಾರಾ ಕೊಟ್ಟಿದ್ದೆ, ಸತ್ತವರಿಗೆ ಅರ್ಧ ಸಾಲೂ ಇರಲಿಲ್ಲ. ಯುವಿಎಫ್ ಕೊಂದವರು 400ಕ್ಕೂ ಜಾಸ್ತಿ. ಹೆಚ್ಚಿನವರು ಎದುರು ಸಮುದಾಯದ, ಅಂದರೆ ಕ್ಯಾಥೊಲಿಕ್, ಸಾಮಾನ್ಯ ಜನ. ಈಗಿನ ಬರಹದಲ್ಲಿ ಈ ಮಾತು ಜೈಲಿಗಿಂತ ಮೊದಲೇ ಬರುತ್ತದೆ.

ಕೊನೆಯನ್ನೂ ಬದಲಾಯಿಸಿದೆ. 2007ರ ಜನವರಿಯಲ್ಲಿ ಅರ್ವಿನ್ ತೀರಿಕೊಂಡಾಗ ಎದುರು ಪಾಳೆಯದ ಶಿನ್ ಫೇನ್ ಪಕ್ಷದ ಗೆರ್ರಿ ಆಡಮ್ಸ್ ಅಂತ್ಯಕ್ರಿಯೆಗೆ ಬಂದಿದ್ದರು. ಚಪ್ಪಾಳೆ ಬಿದ್ದದ್ದು ಅಲ್ಲಿಗೇ. ಈಗ ಅದರ ಕೆಳಗೆ ಇನ್ನೊಂದು ಸಾಲು ಇದೆ: ಯುವಿಎಫ್ ಶಸ್ತ್ರ ಒಪ್ಪಿಸಿದ ಸುದ್ದಿ ಬಂದದ್ದು 2009ರ ಜೂನ್‌ನಲ್ಲಿ.